ಬಲದವರಿಗೆ ದಾರಿ

ನನ್ನ ಸೊಸೆ ಕುರ್ಚಿಗೆ ಕಾಲು ತಗುಲಿದರೆ ಆ ಕುರ್ಚಿಗೂ “ತಪ್ಪಾಯ್ತು” ಅನ್ನುವವಳು. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಕೋಪ ಮೂಗಿನ ತುದಿಯಲ್ಲೇ ಇರುವ ನನ್ನಂಥವಳಿಗೆ ಇಂಥ ಸೊಸೆ ಸಿಕ್ಕರೆ ಏನು ಸುಖ ಹೇಳಿ? ಬೆಳಿಗ್ಗೆಯಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಸೇರಿಸಿ ಒಂದು ಮಾತು ಅಂದರೆ, ಅವಳು “ಹೌದು ಅತ್ತೆ” ಅಂದುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ನಾನೇ ಸುಸ್ತಾಗಿ ಕೂರಬೇಕು.

ನಮ್ಮದು ಬೋಟು ನಡೆಸುವ ಮನೆ. ನದಿ ಅಗಲವಾಗಿ ಸಮುದ್ರ ಸೇರುವ ಕಡೆ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ನಮ್ಮ ಕೆಲಸ. ನಮ್ಮವರು ಚಕ್ರ ಹಿಡಿಯುತ್ತಾರೆ, ನಾನು ಟಿಕೆಟ್ ಹರಿಯುತ್ತೇನೆ, ಜೊತೆಗೆ ಅಂಚಿನ ಮೇಲೆ ಕೂರುವವರನ್ನು ಬೈಯುತ್ತೇನೆ. ಮಗ ಮಾತ್ರ ದರ್ಜಿ. ಬೋಟಿನವನ ಮನೆಯಲ್ಲಿ ಹುಟ್ಟಿದ ಈ ಮಹಾರಾಯನಿಗೆ ಬಕೆಟ್ಟಿನಲ್ಲಿ ನೀರು ಅಲುಗಾಡಿದರೂ ತಲೆ ಸುತ್ತುತ್ತದೆ. ಮದುವೆ ದಿನ ಬೀಗರನ್ನು ಬೋಟಿನಲ್ಲಿ ಕರೆತಂದಾಗ ಎಲ್ಲರೂ ನಗುತ್ತಾ ಇಳಿದರು, ಮದುಮಗನನ್ನು ಮಾತ್ರ ಇಬ್ಬರು ಹಿಡಿದು ಇಳಿಸಬೇಕಾಯಿತು.

ಸೊಸೆ ನೀರು ಕಾಣದ ಊರಿನವಳು. ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಕಿರಿಯಳಾಗಿ ಬೆಳೆದವಳು. ಬಂದ ಹೊಸದರಲ್ಲಿ ಒಂದು ದಿನ ಬೋಟು ಖಾಲಿಯಿದ್ದಾಗ ನಮ್ಮವರು ತಮಾಷೆಗೆ, “ಬಾಮ್ಮ, ಸ್ವಲ್ಪ ಹಿಡ್ಕೋ” ಎಂದು ಚಕ್ರ ಕೊಟ್ಟರು. ಬೋಟು ಅವಳ ಕೈ ಹೇಳಿದ ಕಡೆಗೆ ತಿರುಗಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ದಿನಾ ಮಧ್ಯಾಹ್ನ ಕೆಲಸ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋಟು ಕಟ್ಟುವ ಜೆಟ್ಟಿಗೆ ಬರತೊಡಗಿದಳು.

ವಯಸ್ಸಿನ ಲೆಕ್ಕದಲ್ಲಿ ನಮ್ಮವರ ಲೈಸೆನ್ಸ್ ಈ ವರ್ಷದ ಕೊನೆಗೆ ಮುಗಿಯುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ಲೈಸೆನ್ಸ್ ಇಲ್ಲದಿದ್ದರೆ ಈ ದಾಟಿಸುವ ಕೆಲಸ ಬೇರೆಯವರ ಪಾಲಾಗುತ್ತದೆ. ಮಗನನ್ನು ಕೇಳುವ ಹಾಗೇ ಇಲ್ಲ. ಉಳಿದವಳು ಅವಳೊಬ್ಬಳೇ. ನಮಗೆ ಅವಳು ಬೇಕಿತ್ತು ಅನ್ನುವುದು ಒಂದು, ಆದರೆ ನಿಜ ಹೇಳಬೇಕೆಂದರೆ ನಮಗಿಂತ ಹೆಚ್ಚಾಗಿ ಅವಳಿಗೆ ಆ ಚಕ್ರ ಬೇಕಿತ್ತು. ಬಾಯಿ ಬಿಟ್ಟು ಕೇಳುವವಳಲ್ಲ. ಬೋಟು ಕಟ್ಟಿದ ಮೇಲೂ ಚಕ್ರದ ಹಿಡಿಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಾ ನಿಂತಿರುತ್ತಿದ್ದಳು, ಅಷ್ಟೆ.

ಮೊದಲ ಸಲ ಪರೀಕ್ಷೆಗೆ ಹೋದಳು. ಬಾಯಿಮಾತಿನ ಪರೀಕ್ಷೆಯಲ್ಲಿ ಎಲ್ಲವನ್ನೂ ಹೇಳಿದಳಂತೆ. ನೀರಿನ ಮೇಲೆ ಫೇಲಾದಳು. ಪರೀಕ್ಷಕರು ಸದಾ ನೆಗಡಿಯಿಂದ ಮೂಗು ಒರೆಸಿಕೊಳ್ಳುವ ಮನುಷ್ಯ, ಜೆಟ್ಟಿಯಲ್ಲಿ ಎಲ್ಲರೂ ಅವರನ್ನು ನೆಗಡಿ ಸಾಹೇಬರು ಅನ್ನುತ್ತೇವೆ. ಅವರು ದೊಡ್ಡ ಹಡಗುಗಳನ್ನು ಎಳೆಯುವ ಒಂದು ಟಗ್ ಬೋಟನ್ನು ಅವಳ ಎಡಗಡೆಯಿಂದ ಅಡ್ಡ ಬರುವಂತೆ ಏರ್ಪಾಟು ಮಾಡಿದ್ದರು. ಎಡದಿಂದ ಬರುವವರೇ ದಾರಿ ಬಿಡಬೇಕು, ಇವಳು ಹೋಗುವ ದಾರಿಯಲ್ಲಿ ಹೋಗುವ ವೇಗದಲ್ಲಿ ಸುಮ್ಮನೆ ಹೋಗಬೇಕು. ಇವಳು ಹೋಗಲಿಲ್ಲ. ನಿಧಾನ ಮಾಡಿ ನಿಂತುಬಿಟ್ಟಳು. ಟಗ್‌ನವನು ಇವಳ ಹಿಂದಿನಿಂದ ದಾಟಿಕೊಂಡು ಹೋಗೋಣವೆಂದು ತಿರುಗಿಸಿದ್ದ. ಅವನು ತಿರುಗಿದ ಕಡೆಯೇ ಇವಳು ನಿಂತಿದ್ದಳು. ಅವನು ಬೋಟನ್ನು ಹಿಂದಕ್ಕೆ ಎಳೆದು, ಆಡಬಾರದ ಮಾತನ್ನೆಲ್ಲ ಆಡಿದನಂತೆ.

“ಇನ್ನೊಂದು ಅವಕಾಶ ಇದೆಯಮ್ಮ. ಅದೂ ಹೋದ್ರೆ ಮುಂದಿನ ವರ್ಷವೇ” ಎಂದು ನೆಗಡಿ ಸಾಹೇಬರು ಸೀನುತ್ತಾ ಹೇಳಿ ಕಳಿಸಿದರು.

ಮನೆಗೆ ಬಂದು ಅವಳು ಏನೂ ಆಗದವಳಂತೆ ತರಕಾರಿ ಹೆಚ್ಚಲು ಕೂತಳು. ನಾನು ಪಕ್ಕದಲ್ಲಿ ಕೂತು, ನನಗೆ ಬಂದಷ್ಟು ಮೆತ್ತಗೆ ಕೇಳಿದೆ.

“ಅಲ್ವೇ ಹುಡುಗಿ, ಟಗ್ ಎಡಗಡೆಯಿಂದ ಬರ್ತಿತ್ತು ಅಂತ ನಿನಗೆ ಕಾಣಿಸ್ಲಿಲ್ವಾ?”

“ಕಾಣಿಸ್ತು ಅತ್ತೆ.”

“ಮತ್ತೆ ಯಾಕೆ ನಿಂತೆ?”

“ಅದು ನಮಗಿಂತ ಎಷ್ಟು ಬಲದ್ದು ಅತ್ತೆ! ಮಾವ ಯಾವಾಗ್ಲೂ ಹೇಳ್ತಾರಲ್ಲ, ಬಲದವರಿಗೆ ದಾರಿ ಅಂತ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಈಳಿಗೆಮಣೆ ಪಕ್ಕಕ್ಕೆ ಸರಿಸಿ ನಕ್ಕೆ. ನಮ್ಮವರ ಬಾಯಲ್ಲಿ ಆ ಮಾತು ಮದುವೆಯಾದಾಗಿನಿಂದ ಕೇಳಿದ್ದೇನೆ. ನಿನ್ನ ಬಲಗಡೆಯಿಂದ ಅಡ್ಡ ಬರುವವರಿಗೆ ನೀನು ದಾರಿ ಬಿಡು ಅನ್ನುವುದನ್ನು ಅವರು ಹಾಗೆ ಚುಟುಕಾಗಿ ಹೇಳುತ್ತಾರೆ. ಇವಳು ಬಲ ಅಂದರೆ ಶಕ್ತಿ ಅಂದುಕೊಂಡಿದ್ದಾಳೆ!

“ಪುಸ್ತಕದಲ್ಲಿ ಬಲಗಡೆ ಅಂತ ಸರಿಯಾಗೇ ಇದೆಯಲ್ಲೇ?”

“ಇದೆ ಅತ್ತೆ. ಅದು ಪುಸ್ತಕದ ಮಾತು, ನೀರಿನ ಮೇಲೆ ನಡೆಯೋದು ಇದು ಅಂದ್ಕೊಂಡೆ. ರಸ್ತೇಲೂ ಹಾಗೇ ತಾನೆ, ಲಾರಿ ಬಂದ್ರೆ ಸೈಕಲ್‌ನವನು ಇಳೀಬೇಕಲ್ವಾ?” ಎಂದು ಅವಳು ಒಂದು ಬೀನ್ಸ್ ಎತ್ತಿಕೊಂಡು ನಾರು ತೆಗೆದಳು. “ಮನೇಲೂ ಹಾಗೇ ಇದ್ದೀನಲ್ಲ. ಮೊದಲು ಮಾವ, ಆಮೇಲೆ ನೀವು, ಆಮೇಲೆ ಇವರು.”

ನನ್ನ ನಗು ಅಲ್ಲಿಗೇ ನಿಂತಿತು. ನಮ್ಮ ಮನೆ ಉದ್ದಕ್ಕೆ ಒಂದು ಓಣಿಯ ಹಾಗಿದೆ. ಅಡುಗೆಮನೆ, ಬಚ್ಚಲು, ಮಗನ ಹೊಲಿಗೆ ಮಿಷನ್ ಎಲ್ಲಕ್ಕೂ ಒಂದೇ ನಡುದಾರಿ. ಬಿಸಿ ಪಾತ್ರೆ ಹಿಡಿದು ಡಿಕ್ಕಿ ಹೊಡೆದುಕೊಳ್ಳದಿರಲಿ ಎಂದು ನಮ್ಮವರು ಬೋಟಿನ ನಿಯಮವನ್ನೇ ಮನೆಗೂ ಹಾಕಿದ್ದರು. ಬಲದವರಿಗೆ ದಾರಿ, ಹಿಂದಿನಿಂದ ಬಂದು ಮುಂದೆ ಹೋಗುವವರು ಮುಂದಿನವರಿಗೆ ತೊಂದರೆ ಕೊಡದೆ ಬಳಸಿ ಹೋಗಬೇಕು. ಇವಳು ಬಂದ ದಿನವೇ ನಮ್ಮವರು ದೊಡ್ಡ ಗಂಟಲಲ್ಲಿ, “ಈ ಮನೇಲಿ ಒಂದೇ ಕಾನೂನಮ್ಮ, ಬಲದವರಿಗೆ ದಾರಿ” ಎಂದಿದ್ದರು. ಆ ಹುಡುಗಿ ಅದನ್ನು ಹಾಗೇ ನಂಬಿ, ಇಷ್ಟು ವರ್ಷ ಕುದಿಯುವ ನೀರಿನ ಪಾತ್ರೆ ಹಿಡಿದುಕೊಂಡೂ ಗೋಡೆಗೆ ಅಂಟಿ ನಿಂತು ನಮಗೆಲ್ಲ ದಾರಿ ಬಿಟ್ಟಿದ್ದಾಳೆ. ದೂರಾಗಿ ಹೇಳಲಿಲ್ಲ ಅವಳು. ನೀರು ಕಾಯಿಸಿದರೆ ಬಿಸಿಯಾಗುತ್ತದೆ ಅನ್ನುವ ಹಾಗೆ ಹೇಳಿದಳು. ನನಗೆ ಅಳು ಬಂತು, ಸಿಟ್ಟು ಅದಕ್ಕಿಂತ ಬೇಗ ಬಂತು. ಎದ್ದು ಹೊರಗೆ ಹೋದೆ. ನಮ್ಮವರು ಜಗಲಿಯಲ್ಲಿ ಹಗ್ಗಕ್ಕೆ ಗಂಟು ಹಾಕುತ್ತಿದ್ದರು.

“ರೀ, ಬಲ ಅನ್ನೋದರ ಜೊತೆ ‘ಗಡೆ’ ಅಂತ ಎರಡಕ್ಷರ ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ವಿಷಯ ಕೇಳಿ ಅವರು ಹಗ್ಗ ಕೆಳಗಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವರು ಅವರು, “ಬಲ ಅಂದ್ರೆ ಬಲಗಡೆ ಅಂತ ಎಳೇ ಮಗೂಗೂ ಗೊತ್ತು” ಎಂದು ಶುರುಮಾಡಿದರು. ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದು, “ತಪ್ಪಾಯ್ತು ಮಾವ” ಅಂದಳು. ಅವರು ವಾದ ಅಲ್ಲಿಗೇ ಬಿಟ್ಟರು. ಅವಳನ್ನು ಎದುರಿಗೆ ಕೂರಿಸಿಕೊಂಡು ಎರಡು ಬೆಂಕಿಪೊಟ್ಟಣ ತಂದು ನೆಲದ ಮೇಲಿಟ್ಟರು.

“ನೋಡಮ್ಮ, ಇದು ನೀನು, ಇದು ನಿನ್ನ ಎಡಗಡೆಯಿಂದ ಬರೋನು. ಅವನು ಚಿಕ್ಕೋನೋ ದೊಡ್ಡೋನೋ, ಹಡಗೋ ಟಗ್ಗೋ, ನಿನಗೆ ಸಂಬಂಧ ಇಲ್ಲ. ಅವನು ನಿನ್ನನ್ನ ನೋಡ್ತಾನೆ, ಇವಳು ಹೀಗೇ ಹೋಗ್ತಾಳೆ, ನಾನು ಇವಳ ಹಿಂದೆ ದಾಟ್ತೀನಿ ಅಂತ ಲೆಕ್ಕ ಹಾಕ್ತಾನೆ. ನೀನು ಮರ್ಯಾದೆ ಮಾಡೋಕೆ ಹೋಗಿ ನಿಂತ್ರೆ ಅವನ ಲೆಕ್ಕ ಕೆಡುತ್ತೆ. ನಿನ್ನ ದಾರಿ ಇದ್ದಾಗ ನೀನು ಹೋಗ್ಬೇಕು. ಅದು ಸೊಕ್ಕಲ್ಲ, ಕೆಲಸ.”

“ಅವನು ತಿರುಗಿಸದೇ ಇದ್ರೆ ಮಾವ?”

“ಹಾರ್ನ್ ಇದೆಯಲ್ಲ. ಬೇಗ ಬೇಗ ಐದು ಸಲ ಹೊಡಿ. ‘ಏನಪ್ಪಾ ಮಾಡ್ತಿದ್ದೀಯ, ನನಗೆ ತಿಳೀತಾ ಇಲ್ಲ’ ಅಂತ ಅದರ ಅರ್ಥ. ಆಗ್ಲೂ ತಿರುಗದಿದ್ರೆ ನೀನು ತಪ್ಪಿಸ್ಕೋ, ಆದ್ರೆ ಎಡಕ್ಕೆ ಮಾತ್ರ ತಿರುಗಬೇಡ, ಅವನ ಮೈಮೇಲೇ ಹೋಗ್ತೀಯ.”

ಮಾತಿಗೆ ತಲೆಯಾಡಿಸಿದಳು. ಆದರೆ ತಲೆಗೆ ಹೋದದ್ದು ಕಾಲಿಗೆ ಇಳಿಯಬೇಕಲ್ಲ. ಹಾಗಾಗಿ ನಾನೇ ನಡುದಾರಿಯಲ್ಲಿ ಅಭ್ಯಾಸ ಶುರುಮಾಡಿಸಿದೆ. ಅವಳು ಅಡುಗೆಮನೆಯಿಂದ ಹೊರಡಬೇಕು, ನಾವು ಒಬ್ಬೊಬ್ಬರಾಗಿ ಅವಳ ಎಡಗಡೆಯಿಂದ ಅಡ್ಡ ಬರಬೇಕು, ಅವಳು ನಿಲ್ಲಬಾರದು. ಮೊದಲು ಮಗನನ್ನು ಬಿಟ್ಟೆವು. ಅವನು ಕತ್ತಿಗೆ ಟೇಪು ನೇತುಹಾಕಿಕೊಂಡು, ಇಸ್ತ್ರಿ ಮಾಡಿದ ಕೋಟು ಹಿಡಿದು ಬಂದ. ಎರಡು ದಿನ ನಿಂತಳು, ಮೂರನೆಯ ದಿನ ನಿಲ್ಲಲಿಲ್ಲ. ಕೋಟು ನೆಲಕ್ಕೆ ಬಿತ್ತು.

“ಅಮ್ಮಾ, ಗಿರಾಕಿ ಕೋಟು!” ಎಂದು ಅವನು ಕೂಗಿದ.

“ಬಲಗಡೆ ನೋಡ್ಕೊಂಡು ಬರೋ ಪೆದ್ದ, ತಪ್ಪು ನಿನ್ನದೇ” ಎಂದೆ. ಗಂಡನಿಗೆ ದಾರಿ ಬಿಡದಿರುವುದನ್ನು ಹೆಂಗಸರು ಬೇಗ ಕಲಿಯುತ್ತಾರೆ, ಅದೇನು ದೊಡ್ಡ ವಿದ್ಯೆಯಲ್ಲ. ನನಗೆ ದಾರಿ ಬಿಡದಿರುವುದಕ್ಕೆ ಒಂದು ವಾರ ಹಿಡಿಯಿತು. ಕಣ್ಣು ಮುಚ್ಚಿಕೊಂಡು, ಉಸಿರು ಹಿಡಿದುಕೊಂಡು ನನ್ನ ಮುಂದೆ ಹಾದುಹೋಗಿ, ಆಚೆ ಗೋಡೆ ಮುಟ್ಟಿ ತಿರುಗಿ, “ತಪ್ಪಾಯ್ತು ಅತ್ತೆ” ಅಂದಳು. ಪರವಾಗಿಲ್ಲ, ದಾಟಿದಳಲ್ಲ ಎಂದುಕೊಂಡೆ.

ನಮ್ಮವರು ಬಂದರೆ ಮಾತ್ರ ಆಗುತ್ತಿರಲಿಲ್ಲ. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಕಾಲು ತಾನಾಗಿ ನಿಲ್ಲುತ್ತಿತ್ತು. ಅವರು ಬೈದು ನೋಡಿದರು, ಪುಸಲಾಯಿಸಿ ನೋಡಿದರು. ಕೊನೆಗೆ, “ಹೋಗ್ಲಿ ಬಿಡು, ನೀರಿನ ಮೇಲೆ ಎದುರಿಗೆ ಬರೋನು ನಾನಲ್ವಲ್ಲ” ಎಂದು ಕೈಬಿಟ್ಟರು.

ಪರೀಕ್ಷೆಯ ದಿನ ಬೆಳಿಗ್ಗೆ ಜೆಟ್ಟಿಗೆ ಹೋದೆವು. ನೆಗಡಿ ಸಾಹೇಬರು ಕರವಸ್ತ್ರ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಟಗ್‌ನ ಇಂಜಿನ್ ಕೆಟ್ಟು ನಿಂತಿತ್ತು. ಅಡ್ಡ ಬರಲು ಬೇರೆ ಬೋಟು ಬೇಕು, ಲೈಸೆನ್ಸ್ ಇರುವವರು ಬೇಕು. ಜೆಟ್ಟಿಯಲ್ಲಿ ಆ ಹೊತ್ತಿಗೆ ಇದ್ದದ್ದು ನಮ್ಮ ಬೋಟು, ನಮ್ಮವರು.

“ಯಜಮಾನ್ರೇ, ನೀವೇ ಬನ್ನಿ. ಸೊಸೆ ಅಂತ ಏನೂ ಸಹಾಯ ಮಾಡೋ ಹಾಗಿಲ್ಲ. ಅವಳ ಎಡಗಡೆಯಿಂದ ಅಡ್ಡ ಬನ್ನಿ, ನಿಯಮದ ಪ್ರಕಾರ ಹೊತ್ತಿಗೆ ಸರಿಯಾಗಿ ದಾರಿ ಬಿಡಿ. ಅಷ್ಟೆ.”

“ನಲವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ ಸಾಹೇಬರೇ” ಎಂದು ನಮ್ಮವರು ಅಂಗಿ ಕೊಡವಿಕೊಂಡರು.

ಸೊಸೆಯ ಮುಖ ನೋಡಿದೆ. ಬಿಳುಚಿಕೊಂಡಿತ್ತು. ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

“ಅತ್ತೆ, ಮಾವನ ಮುಂದೆ ನಾನು ಹೆಂಗೆ ಹೋಗ್ಲಿ? ಆಗಲ್ಲ ಅತ್ತೆ. ಮುಂದಿನ ವರ್ಷ ಬರೀತೀನಿ.”

ಮುಂದಿನ ವರ್ಷಕ್ಕೆ ಬೋಟಿನ ಕೆಲಸವೇ ಇರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ.

“ನೋಡು ಮಗಳೇ, ಅವರಿಗೆ ದಾರಿ ಬಿಟ್ಟು ಬಿಟ್ಟು ನಾನೇ ಮುದುಕಿಯಾದೆ. ಇವತ್ತು ಒಂದು ದಿನ ಅವರು ಬಿಡ್ಲಿ. ನನಗೋಸ್ಕರ ಆದ್ರೂ ಹೋಗು” ಎಂದೆ.

ಅವಳು ಇಲಾಖೆಯ ಪುಟ್ಟ ಬೋಟು ಹತ್ತಿದಳು, ನೆಗಡಿ ಸಾಹೇಬರು ಅವಳ ಪಕ್ಕ ಕೂತರು. ನಾವಿಬ್ಬರೂ ನಮ್ಮ ಬೋಟಿನಲ್ಲಿ ಹೊರಟೆವು. ಬೆಂಚುಗಳೆಲ್ಲ ಖಾಲಿ. ನಾನು ನಮ್ಮವರ ಪಕ್ಕದಲ್ಲೇ ಕಂಬ ಹಿಡಿದು ನಿಂತೆ. ಗಾಳಿ ಇರಲಿಲ್ಲ, ನೀರು ಹಾಸಿದ ಬಟ್ಟೆಯ ಹಾಗೆ ಇತ್ತು. ದೂರ ಹೋಗಿ ತಿರುಗಿಕೊಂಡೆವು. ಅವಳು ಆ ಕಡೆಯಿಂದ ಬರುತ್ತಿದ್ದಳು, ನಮಗೆ ಬಲಗಡೆ. ನಾವು ಅವಳಿಗೆ ಎಡಗಡೆ. ದಾರಿ ಅವಳದು.

ಎರಡು ಬೋಟುಗಳೂ ಹತ್ತಿರವಾದವು. ಈಗ ನಿಧಾನ ಮಾಡುತ್ತಾಳೆ, ಈಗ ಮಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಮಾಡಲಿಲ್ಲ. ಅವಳ ಬೋಟಿನ ಮೂಗು ಒಂದಿಷ್ಟೂ ಆಚೀಚೆ ಆಗಲಿಲ್ಲ. ಗಾಜಿನ ಹಿಂದೆ ಅವಳ ಮುಖ ಕಾಣಿಸಿತು. ಬೆನ್ನು ನೇರ ಮಾಡಿ, ಎರಡೂ ಕೈ ಚಕ್ರದ ಮೇಲಿಟ್ಟು, ಎದುರಿಗೆ ನೋಡುತ್ತಾ ಬರುತ್ತಿದ್ದಳು. ಮನೆಯಲ್ಲಿ ಗೋಡೆಗೆ ಅಂಟಿಕೊಳ್ಳುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿತು. ಎಷ್ಟು ಚೆಂದ ಬರುತ್ತಿದ್ದಾಳೆ, ಇಡೀ ಹೊಳೆ ತನ್ನದೇ ಅನ್ನುವ ಹಾಗೆ ಬರುತ್ತಿದ್ದಾಳೆ, ಎಂದು ನನ್ನ ಎದೆ ತುಂಬಿ ಬಂತು. ನಿಂತಲ್ಲೇ ನಿಂತು ನೋಡಿದೆ.

ಹಾರ್ನ್ ಕೂಗಿತು. ಬೇಗ ಬೇಗ ಐದು ಸಲ.

ನಾನು ಬೆಚ್ಚಿಬಿದ್ದೆ. ನಮ್ಮವರೂ ಬೆಚ್ಚಿಬಿದ್ದರು. ಅವಳ ಬೋಟು ಇಷ್ಟು ಹತ್ತಿರ ಬಂದಿದೆ, ನಾವು ಇನ್ನೂ ನೆಟ್ಟಗೆ ಹೋಗುತ್ತಲೇ ಇದ್ದೇವೆ! “ಅಯ್ಯೋ” ಎಂದು ನಮ್ಮವರು ಇಂಜಿನ್ ತಗ್ಗಿಸಿ, ಬಲಕ್ಕೆ ತಿರುಗುತ್ತಿದ್ದೇನೆ ಅನ್ನುವುದಕ್ಕೆ ಒಂದು ಸಲ ಹಾರ್ನ್ ಒತ್ತಿ, ಚಕ್ರವನ್ನು ಪೂರ್ತಿ ತಿರುಗಿಸಿದರು. ನಮ್ಮ ಬೋಟು ವಾಲಿತು, ನಾನು ಕಂಬವನ್ನು ತಬ್ಬಿಕೊಂಡೆ. ಅವಳು ನಮ್ಮ ಮುಂದಿನಿಂದ ದಾಟಿ ಹೋದಳು. ಅವಳ ಬೋಟು ಎಬ್ಬಿಸಿದ ಅಲೆಯ ಮೇಲೆ ನಾವು ಅವಳ ಹಿಂದಿನಿಂದ ಎತ್ತಿ ಕುಕ್ಕುತ್ತಾ ಹಾದುಹೋದೆವು. ನಮ್ಮವರ ಹಣೆಯಲ್ಲಿ ಬೆವರಿತ್ತು.

ಜೆಟ್ಟಿಗೆ ಬಂದಾಗ ನೆಗಡಿ ಸಾಹೇಬರು ಕಾಯುತ್ತಾ ನಿಂತಿದ್ದರು. ಕೋಪದಲ್ಲಿ ಅವರ ನೆಗಡಿಯೇ ನಿಂತುಹೋಗಿತ್ತು.

“ಏನ್ರೀ ಯಜಮಾನ್ರೇ ಇದು? ನಿಮ್ಮನ್ನ ನಂಬಿ ಕರೆದೆ ನಾನು! ಹೊಸಬರು ಮಾಡೋ ತಪ್ಪನ್ನ ನೀವು ಮಾಡೋದಾ? ಈ ಹೆಣ್ಮಗಳು ಹಾರ್ನ್ ಹೊಡೀದೇ ಇದ್ರೆ ಗತಿ ಏನಾಗ್ತಿತ್ತು?”

“ತಪ್ಪಾಯ್ತು ಸಾಹೇಬರೇ.”

“ಅವಳು ಪಾಸು. ಅವಳ ಸ್ಥಿಮಿತ ನೋಡಿ ಕಲೀರಿ” ಎಂದು ಹೇಳಿ ಅವರು ದಡದಡ ನಡೆದು ಆಫೀಸಿನ ಕಡೆ ಹೋದರು.

ಪಾಸು ಅನ್ನುವ ಮಾತು ಕಿವಿಗೆ ಬಿದ್ದರೂ ಸೊಸೆ ನಗಲಿಲ್ಲ. ಬೋಟಿನಿಂದ ಇಳಿದು ನೇರವಾಗಿ ನಮ್ಮವರ ಹತ್ತಿರ ಬಂದಳು. ಈಗ ತಪ್ಪಾಯ್ತು ಮಾವ ಅನ್ನುತ್ತಾಳೆ, ಹಾರ್ನ್ ಹೊಡೆದದ್ದಕ್ಕೆ ಕ್ಷಮೆ ಕೇಳುತ್ತಾಳೆ ಎಂದುಕೊಂಡೆ.

“ಯಾಕೆ ತಿರುಗಿಸ್ಲಿಲ್ಲ ನೀವು?” ಎಂದು ಅವಳು ಕೂಗಿದಳು. ಜೆಟ್ಟಿಯಲ್ಲಿ ಹಗ್ಗ ಎಳೆಯುತ್ತಿದ್ದವರು ತಿರುಗಿ ನೋಡಿದರು. “ನೀವು ತಿರುಗಿಸ್ತೀರಿ ಅಂತ ನಂಬಿ ತಾನೇ ನಾನು ಬಂದಿದ್ದು? ಅತ್ತೆ ಬೇರೆ ಬೋಟಲ್ಲಿದ್ರು! ನಾನೇ ಬಂದು ನಿಮಗೆ ಗುದ್ದಿದ್ರೆ ಮನೆಗೆ ಹೋಗಿ ನಿಮ್ಮ ಮಗನಿಗೆ ಏನು ಹೇಳ್ಲಿ ನಾನು? ಹೇಳಿ ಮಾವ!”

ಅವಳ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಆದರೂ ತಲೆ ತಗ್ಗಿಸಲಿಲ್ಲ. ಆ ಮನುಷ್ಯನಿಗೆ ಇಷ್ಟು ಎತ್ತರದ ದನಿಯಲ್ಲಿ ಮಾತಾಡುವ ಹಕ್ಕು ಇಷ್ಟು ದಿನ ನನಗೊಬ್ಬಳಿಗೇ ಇತ್ತು. ಅದು ಇನ್ನೊಬ್ಬರ ಪಾಲಾಯಿತೆಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಮ್ಮವರು ತಲೆ ಕೆರೆದುಕೊಂಡರು.

“ನಿನ್ನ ನೋಡ್ತಾ ನಿಂತುಬಿಟ್ಟೆ ಮಗಳೇ. ಅಷ್ಟು ಚೆನ್ನಾಗಿ ಬರ್ತಿದ್ದೆ ನೀನು. ಚಕ್ರ ನನ್ನ ಕೈಲಿದೆ ಅನ್ನೋದೇ ಮರೆತುಹೋಯ್ತು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಮ್ಮವರಿಗೆ ಅಪರಾಧ ಹಂಚಿಕೊಳ್ಳಲು ಇನ್ನೊಬ್ಬರು ಬೇಕಾಯಿತು, ನನ್ನ ಕಡೆ ತಿರುಗಿದರು.

“ಅಲ್ಲ ಕಣೇ, ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲ. ಇರುವೆ ಕಚ್ಚಿದ್ರೆ ಊರು ಕೇಳೋ ಹಾಗೆ ಕಿರುಚೋಳು. ಇವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?”

“ನನಗೆಲ್ಲಿ ಗೊತ್ತಾಗ್ಬೇಕು? ನಾನೂ ಅವಳನ್ನೇ ನೋಡ್ತಿದ್ದೆ” ಎಂದೆ.

ಸೊಸೆ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಮೂಗು ಎಳೆದುಕೊಂಡು, ಅಳುವಿನ ನಡುವೆಯೇ ಗದರಿದಳು.

“ಇನ್ಮೇಲೆ ನೀವಿಬ್ರೂ ನನ್ನ ಬೋಟಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೋಬೇಕು. ಮುಂದೆ ಬರೋ ಹಾಗಿಲ್ಲ.”

ನನ್ನ ಬೋಟು ಅಂದಳು. ಅಂದದ್ದು ಅವಳಿಗೇ ಗೊತ್ತಾಗಲಿಲ್ಲ, ಹಗ್ಗ ಬಿಚ್ಚಲು ಹೊರಟೇಹೋದಳು. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಇಬ್ಬರೂ ಸುಮ್ಮನೆ ಬೋಟು ಹತ್ತಿ ಹಿಂದಿನ ಬೆಂಚಿನಲ್ಲಿ ಕೂತೆವು.